ಮಾವ ಇಲ್ಲದ ಒಂಬತ್ತು ಭಾನುವಾರ

ಸೈನ್ಯದಲ್ಲಿದ್ದ ನನ್ನ ಗಂಡ ಹಿಮದ ಮೇಲಿನ ಪೋಸ್ಟಿಗೆ ಹತ್ತಿ ಮೂರು ವಾರವಾಗಿತ್ತು. ಆಗ ಮಾವ ತೀರಿಕೊಂಡರು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದವರು ಹತ್ತು ಗಂಟೆಯಾದರೂ ಬರಲಿಲ್ಲ. ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿತ್ತು. ಆ ಹಂತದಲ್ಲಿ ಅದು ಒಂದು ಹೊತ್ತೂ ಹಸಿದಿರುವ ಹಾಗಿಲ್ಲ. ಇನ್ನೂ ಯಾಕೆ ಸೊಪ್ಪು ಬರಲಿಲ್ಲ ಎಂದು ಸಿಟ್ಟು ಮಾಡಿಕೊಂಡೇ ನಾನು ತೋಟಕ್ಕೆ ಹೋದೆ. ಕೊಯ್ದ ಸೊಪ್ಪನ್ನು ಹೊರೆ ಕಟ್ಟಿಟ್ಟು, ಆ ಹೊರೆಗೇ ಒರಗಿ ಕೂತಿದ್ದರು. ಕಣ್ಣು ಅರ್ಧ ತೆರೆದಿತ್ತು. ಎರಡು ಸಲ ‘ಮಾವ’ ಎಂದೆ. ಅವರಿಗೆ ಕಿವಿ ಮಂದ, ಅದಕ್ಕೆ ಮೂರನೇ ಸಲ ಜೋರಾಗಿ ಕೂಗಿದೆ. ಆಮೇಲೆ ಭುಜ ಮುಟ್ಟಿದೆ.

ನಮ್ಮ ಊರು ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ರಸ್ತೆಯಲ್ಲಿದೆ. ಆಟೋದಲ್ಲಿ ಮಲಗಿಸಿಕೊಂಡು ಚನ್ನಪಟ್ಟಣದ ಆಸ್ಪತ್ರೆಗೆ ಹೋಗಿದ್ದು ನಮ್ಮ ಸಮಾಧಾನಕ್ಕಷ್ಟೆ. ಡಾಕ್ಟರು ಆಟೋದ ಹತ್ತಿರವೇ ಬಂದು ನೋಡಿ, ಒಳಗೆ ತರುವುದು ಬೇಡ ಎಂದರು.

ವಾಪಸ್ ಬರುವಷ್ಟರಲ್ಲಿ ಜಗಲಿ ತುಂಬ ಜನ ಸೇರಿದ್ದರು. ಮಗನಿಗೆ ಹೇಗೆ ತಿಳಿಸುವುದು ಎಂಬ ಮಾತು ಆಗಲೇ ಎದ್ದಿತ್ತು. ಮನೆಗೆ ಇದ್ದವನು ಅವನೊಬ್ಬನೇ ಗಂಡುಮಗ. ನಾದಿನಿಯನ್ನು, ಗಂಡನ ಅಕ್ಕನನ್ನು, ಮಾಗಡಿ ಕಡೆಗೆ ಕೊಟ್ಟಿತ್ತು, ಅವಳು ಹೊರಟಿದ್ದಳು. ಪಕ್ಕದ ಊರಿನಿಂದ ನಿವೃತ್ತ ಹವಾಲ್ದಾರರೊಬ್ಬರು ಸುದ್ದಿ ಕೇಳಿ ಬಂದಿದ್ದರು. “ಅಮ್ಮಾ, ಯೂನಿಟ್‌ಗೆ ನಾನೇ ಫೋನ್ ಮಾಡ್ತೀನಿ. ಹವಾಮಾನ ಸರಿಯಿದ್ರೆ ಹೆಲಿಕಾಪ್ಟರ್‌ನಲ್ಲಿ ಕೆಳಕ್ ಇಳಿಸ್ತಾರೆ” ಎಂದರು.

ಅತ್ತೆ ಅಲ್ಲಿಯವರೆಗೂ ಗೋಡೆಗೆ ತಲೆಯಿಟ್ಟು ಕೂತಿದ್ದರು. ಎದ್ದು ಬಂದು ಅವರಿಗೆ ಕೈ ಮುಗಿದರು.

“ಬ್ಯಾಡ ಕನಪ್ಪ. ಅವ್ರು ಇಳ್ಸಿ, ಇವನು ಬರಾ ಹೊತ್ಗೆ ನಾಕ್ ದಿನ ಆಯ್ತದೆ. ಅಲ್ಲೀಗಂಟ ಇವ್ರನ್ನ ಮಡಿಕ್ಕಂಡ್ ಕೂರಕಾಯ್ತದಾ? ಮುಖನೂ ಸಿಕ್ಕಾಕಿಲ್ಲ. ಒಂದು ಕಾಲು ತಪ್ಪಿದ್ರೆ ಪಾತಾಳ ಕನವ್ವ ಅಂತ ಅವ್ನೇ ಹೇಳವ್ನೆ. ಇದನ್ನ ಕೇಳ್ಕಂಡು ಅವನು ಅಲ್ಲಿ ನೆಟ್ಟಗೆ ಹೆಜ್ಜೆ ಮಡಗ್ತಾನಾ? ಇವತ್ತು ಒಬ್ಬರನ್ನ ಕಳ್ಕಂಡಿವ್ನಿ. ಇನ್ನೊಬ್ಬನ್ನ ಕಳ್ಕಳಾಕಿಲ್ಲ.”

ಆಮೇಲೆ ನನ್ನ ಕಡೆ ತಿರುಗಿದರು. “ಅವನು ಕೆಳಕ್ಕಿಳಿಯೋಗಂಟ ನಿನ್ ಬಾಯಿಂದ ಬರಬಾರ್ದು.”

ಈ ಹದಿಮೂರು ವರ್ಷದಲ್ಲಿ ಯಾರು ಕೇಳಿದರೂ ‘ಅತ್ತೆ ಹೇಳಿದ್ದಕ್ಕೆ ಸುಮ್ಮನಾದೆ’ ಎಂದೇ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಗಂಡನಿಗೆ ಆ ಸುದ್ದಿ ಹೇಳುವ ಬಾಯಿ ನನ್ನದಾಗುವುದು ತಪ್ಪಿತಲ್ಲ ಎಂದು ಅವತ್ತು ನನಗೆ ಒಳಗೊಳಗೇ ಹಗುರವಾಗಿತ್ತು.

ಸಂಜೆಯೊಳಗೆ ಮಾವನನ್ನು ಅದೇ ಸೊಪ್ಪಿನ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು. ಮಗ ಮಾಡಬೇಕಾದದ್ದನ್ನೆಲ್ಲ ಚಿಕ್ಕಮಾವನ ಮಗ ಮಾಡಿದ. ಚಿಕ್ಕಮಾವ ಎಂದರೆ ಮಾವನ ಒಡಹುಟ್ಟಿದ ತಮ್ಮ, ಪಕ್ಕದ ಮನೆಯಲ್ಲೇ ಇದ್ದವರು. ಸೂತಕದವರು ಹುಳುಮನೆಗೆ ಕಾಲಿಡಬಾರದೆಂದು ಎದುರು ಮನೆಯವರು ಹುಳುವಿಗೆ ಸೊಪ್ಪು ಹಾಕಿದರು. ಮಾವ ಕೊಯ್ದಿಟ್ಟಿದ್ದ ಹೊರೆಯನ್ನೇ ಹಾಕಿದರು. ಬೇರೆ ಸೊಪ್ಪಿರಲಿಲ್ಲ.

ಇವರ, ಅಂದರೆ ನನ್ನ ಗಂಡನ, ಫೋನು ಬರುತ್ತಿದ್ದದ್ದು ಭಾನುವಾರ. ಹನ್ನೊಂದರಿಂದ ಹನ್ನೆರಡರ ಒಳಗೆ ಸ್ಯಾಟಲೈಟ್ ಫೋನಿನ ಉದ್ದನೆಯದೊಂದು ವಿಚಿತ್ರ ನಂಬರು ಮೊಬೈಲಿನಲ್ಲಿ ಮೂಡುತ್ತಿತ್ತು. ಅಲ್ಲಿದ್ದ ಒಬ್ಬೊಬ್ಬರಿಗೆ ಮೂರು ನಿಮಿಷ. ನಾವು ಆಡಿದ ಮಾತು ಅಲ್ಲಿಗೆ ತಲುಪಲು ಒಂದೆರಡು ಕ್ಷಣ ಹಿಡಿಯುತ್ತಿತ್ತು, ಅಲ್ಲಿನ ಉತ್ತರ ಬರಲು ಇನ್ನೊಂದೆರಡು ಕ್ಷಣ. ಮೊದಲೆಲ್ಲ ಆ ಖಾಲಿ ಹೊತ್ತು ನನ್ನ ತಲೆ ಕೆಡಿಸುತ್ತಿತ್ತು. ಆಗ ಅದೇ ಅನುಕೂಲವಾಯಿತು. ನಾನು ತಡವರಿಸಿದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಮೊದಲ ಭಾನುವಾರ ಮನೆ ತುಂಬ ನೆಂಟರು. “ಏನ್ ಅಷ್ಟೊಂದ್ ಗದ್ದಲ?” ಎಂದರು ಇವರು.

“ಎದುರ್ಮನೇಲಿ ಮಗೀಗೆ ಹೆಸರಿಡ್ತಾವ್ರೆ. ಎಲ್ಲಾ ನಮ್ ಜಗಲಿ ಮೇಲೇ ಕೂತವ್ರೆ.”

“ಅಪ್ಪ ಎಲ್ಲಿ?”

“ತೋಟಕ್ ಹೋಗವ್ರೆ.”

ಇದು ಸುಳ್ಳಾಗಿರಲಿಲ್ಲ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ.

ಮಾವ ಮೊದಲಿನಿಂದಲೂ ಫೋನಿನಲ್ಲಿ ಹೆಚ್ಚು ಮಾತಾಡಿದವರಲ್ಲ. ಕಿವಿ ಕೇಳದ್ದರಿಂದ ಆ ಕಡೆಯವರು ಏನಂದರೂ, “ಹೂಂ… ಉಂಡ್ಯಾ? ಉಸಾರು ಕನ್ಲಾ” ಎಂದು ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ಮೂರು ಮಾತು, ಅಷ್ಟೆ. ಆದರೆ ಆ ಮೂರು ಮಾತು ಕೇಳದೆ ಇವರು ಫೋನು ಇಡುತ್ತಿರಲಿಲ್ಲ. ಹಾಗಾಗಿ ಪ್ರತಿ ವಾರ ಮಾವನನ್ನು ಎಲ್ಲಿಗಾದರೂ ಕಳಿಸಬೇಕಾಯಿತು. ಒಂದು ವಾರ ಕಬ್ಬಾಳಿಗೆ ಪೂಜೆಗೆ ಕಳಿಸಿದೆ. ಇನ್ನೊಂದು ವಾರ ಹಲ್ಲು ಕೀಳಿಸಿಕೊಂಡು ಬಾಯಿಗೆ ಹತ್ತಿ ಇಟ್ಟುಕೊಂಡಿದ್ದಾರೆ ಎಂದೆ. ಶನಿವಾರವೇ ಅದರ ಲೆಕ್ಕಾಚಾರ ಶುರುವಾಗುತ್ತಿತ್ತು. ಪಾತ್ರೆ ತೊಳೆಯುತ್ತ, ಹಾಲು ಕರೆಯುತ್ತ, ನಾಳೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಹೋದ ವಾರ ಹೇಳಿದ್ದು ಈ ವಾರದ್ದಕ್ಕೆ ಹೊಂದಬೇಕಿತ್ತು.

ಮಗಳಿಗೆ ಆಗ ಐದು ವರ್ಷ. ಅವಳು ಬಾಯಿ ಬಿಟ್ಟಾಳೆಂದು ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಚಿಕ್ಕಮಾವನ ಮನೆಗೆ ಕಳಿಸುತ್ತಿದ್ದೆವು. ನಾಲ್ಕನೇ ಭಾನುವಾರ ತಪ್ಪಿಸಿಕೊಂಡು ಓಡಿಬಂದು ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡಳು. ಮಗಳ ದನಿ ಕೇಳಿ ಇವರು ಏನೇನೋ ಕೇಳಿದರು. ಕೊನೆಗೆ ‘ತಾತ ಏನ್ ಮಾಡ್ತಾವ್ನೆ?’ ಎಂದು ಕೇಳಿರಬೇಕು.

“ತಾತ ತೋಟದಲ್ಲಿ ಮಲ್ಗವ್ನೆ” ಎಂದಳು.

ಬಾಗಿಲ ಹತ್ತಿರ ನಿಂತಿದ್ದ ಅತ್ತೆ ಓಡಿಬಂದು ಅವಳ ಬಾಯಿ ಮುಚ್ಚಿದರು. ನಾನು ಮೊಬೈಲು ಕಿತ್ತುಕೊಂಡು ಕಿವಿಗಿಟ್ಟೆ. ಆ ಕಡೆ ಎರಡು ಕ್ಷಣ ಏನೂ ಇಲ್ಲ. ಆಮೇಲೆ ನಗು. “ಸೊಪ್ ಕೊಯ್ಯದ್ ಬುಟ್ಟು ಮಲ್ಗವ್ನಾ ಮುದುಕ? ನಾನಿಲ್ಲ ಅಂತ ನಿಮಗೆಲ್ಲ ಸದರ ಆಗೋಗೈತೆ” ಎಂದು ನಗುತ್ತಲೇ ಇದ್ದರು. ಲೈನು ಕಟ್ಟಾಯಿತು. ಅವತ್ತು ನಾವು ಮೂವರೂ ಮಧ್ಯಾಹ್ನ ಉಣ್ಣಲಿಲ್ಲ. ಮಗಳು ತಾನು ಮಾಡಿದ ತಪ್ಪೇನು ಎಂದು ಗೊತ್ತಾಗದೆ ಅಳುತ್ತಿದ್ದಳು. ತಪ್ಪು ಮಾಡಿಲ್ಲ ಎಂದು ಅವಳಿಗೆ ಹೇಳಬೇಕು ಎನ್ನುವುದೂ ನನಗೆ ಹೊಳೆಯಲಿಲ್ಲ.

ಅದರ ಮುಂದಿನ ವಾರ ಇವರ ದನಿ ಬೇರೆಯಾಗಿತ್ತು. “ಅಪ್ಪನ್ ದನಿ ಕೇಳಿ ಎಷ್ಟ್ ವಾರ ಆಯ್ತು! ಏನಾರ ಆಗೈತಾ? ನಿಜ ಹೇಳು. ಬರೋ ಭಾನುವಾರ ಅಪ್ಪನ್ನ ಮನೇಲೇ ಕೂರ್ಸು. ಎಲ್ಲಿಗೂ ಕಳಿಸ್ಬ್ಯಾಡ.”

ಮಾವ, ಚಿಕ್ಕಮಾವ ಅಣ್ಣತಮ್ಮಂದಿರಿಬ್ಬರ ದನಿಯೂ ಒಂದೇ ಥರ ಇತ್ತು. ಇದು ಹೊಳೆದದ್ದು ಅತ್ತೆಗಲ್ಲ, ನನಗೆ. ಅತ್ತೆಗೆ ಹೇಳಿದೆ, ಅತ್ತೆ ಹೋಗಿ ಚಿಕ್ಕಮಾವನನ್ನು ಕೇಳಿದರು. ಅವರು ಮೊದಲು ಒಪ್ಪಲಿಲ್ಲ. “ಸತ್ತೋನ್ ಬಾಯಲ್ಲಿ ನಾನ್ ಮಾತಾಡ್ಲಾ ಅತ್ತಿಗೆ?” ಎಂದರಂತೆ. ಆದರೂ ಭಾನುವಾರ ಬಂದು ಜಗಲಿ ಮೇಲೆ ಕೂತರು. ಫೋನು ಬಂತು. ನಾನು ಮೊಬೈಲನ್ನು ಅವರ ಕಿವಿಗೆ ಹಿಡಿದೆ.

“ಹೂಂ… ಉಂಡ್ಯಾ? ಉಸಾರು ಕನ್ಲಾ.”

ಅಷ್ಟು ಹೇಳಿ ಎದ್ದು ಹೊರಟುಹೋದರು. ಹದಿನೈದು ದಿನ ನಮ್ಮ ಹೊಸಲು ತುಳಿಯಲಿಲ್ಲ. ಆ ಕಡೆಯಿಂದ ಇವರು, “ಅಬ್ಬಾ, ಈಗ ಸಮಾದಾನ ಆಯ್ತು ಕನೆ. ಅಪ್ಪನ್ಗೆ ಒಸಿ ಸುಸ್ತಾದಂಗೈತೆ, ಬೂಸ್ಟು ಗೀಸ್ಟು ತಂದ್ಕೊಡು” ಎಂದರು.

ಹೀಗೆ ಒಂಬತ್ತು ಭಾನುವಾರ ಕಳೆದವು. ಇವರು ಹಿಮದಿಂದ ಇಳಿದು ಬಂದ ಮೇಲೆ ಹೇಗೆ ಹೇಳುವುದು ಎಂದು ಹಿರಿಯರು ಸೇರಿ ತೀರ್ಮಾನ ಮಾಡಿದ್ದರು. ಗುರುವಾರ ಬೆಳಿಗ್ಗೆ ಚನ್ನಪಟ್ಟಣ ಸ್ಟೇಷನ್ನಿನಲ್ಲಿ ರೈಲು ಇಳಿಯುತ್ತೇನೆ ಎಂದು ಇವರು ದೆಹಲಿಯಿಂದ ಫೋನು ಮಾಡಿದ್ದರು. ಚಿಕ್ಕಮಾವ ಮತ್ತು ಹವಾಲ್ದಾರರು ಸ್ಟೇಷನ್ನಿಗೆ ಹೋಗಿ, ಅಲ್ಲೇ ಒಂದು ಕಡೆ ಕೂರಿಸಿ, ನಿಧಾನವಾಗಿ ಹೇಳಿ ಕರೆತರುವುದು ಎಂದಾಗಿತ್ತು. ಆದರೆ ಇವರಿಗೆ ಒಂದು ದಿನ ಮೊದಲಿನ ರೈಲಿನಲ್ಲೇ ಜಾಗ ಸಿಕ್ಕಿಬಿಟ್ಟಿದೆ. ನಮಗೆ ಅಚ್ಚರಿ ಮಾಡೋಣ ಎಂದು ತಿಳಿಸಲಿಲ್ಲ. ಬುಧವಾರ ಚನ್ನಪಟ್ಟಣದಲ್ಲಿ ಇಳಿದು ಬಸ್ಸು ಹತ್ತಿದ್ದಾರೆ. ಬಸ್ಸಿನಲ್ಲಿ ನಮ್ಮೂರಿನ ಮುದುಕಿಯೊಬ್ಬರು ಪಕ್ಕದಲ್ಲಿ ಕೂತಿದ್ದರು.

ಹನ್ನೊಂದು ಗಂಟೆಗೆ ಆ ಅಜ್ಜಿ ನೇರ ನಮ್ಮ ಮನೆಗೆ ಬಂದರು. “ನಿಮ್ ಹುಡ್ಗ ಬಸ್ಸಲ್ಲಿದ್ದ ಕನವ್ವ. ಅಪ್ಪನ್ ಮಣ್ಗೂ ಬರಕ್ಕಾಗ್ನಿಲ್ವಲ್ಲ ಮಗ ನಿಂಗೆ ಅಂದೆ. ಏನೂ ಮಾತಾಡ್ನಿಲ್ಲ. ಊರ್ ಬಂತು ಇಳ್ಯಪ್ಪ ಅಂದ್ರೂ ಇಳೀನಿಲ್ಲ. ಹಂಗೇ ಬಸ್ಸಲ್ಲೇ ಹೊಂಟೋದ.”

ಅವರ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಮಗನಿಗೆ ಗೊತ್ತಿಲ್ಲ ಎಂದು ಅವರಿಗೆ ಯಾರು ಹೇಳಿದ್ದರು? ಚಿಕ್ಕಮಾವ ಬೈಕಿನಲ್ಲಿ ಸಾತನೂರಿನವರೆಗೂ ಹೋಗಿ ಹುಡುಕಿ ಬಂದರು. ಸಿಗಲಿಲ್ಲ. ಇವರ ಮೊಬೈಲು ಸ್ವಿಚ್ ಆಫ್ ಆಗಿತ್ತು. ಅತ್ತೆ ಜಗಲಿ ಬಿಟ್ಟು ಏಳಲಿಲ್ಲ.

ನಾಲ್ಕು ಗಂಟೆಗೆ ಇವರು ಕನಕಪುರ ಕಡೆಯಿಂದ ಬಂದ ಬಸ್ಸಿನಲ್ಲಿ ಇಳಿದರು. ಬೆನ್ನಿಗೆ ದೊಡ್ಡ ಬ್ಯಾಗು. ಹತ್ತಿರ ಬರುವವರೆಗೂ ನನಗೆ ಗುರುತು ಹತ್ತಲಿಲ್ಲ. ತಲೆ ನುಣ್ಣಗೆ ಬೋಳಿಸಿತ್ತು. ಹಿಮದ ಬಿಸಿಲಿಗೆ ಮುಖ ಸುಟ್ಟು ಕಪ್ಪಗಾಗಿತ್ತು, ನೆತ್ತಿ ಮಾತ್ರ ಬಿಳಿಚಿಕೊಂಡಿತ್ತು. ನಾವು ಯಾರೂ ಏನೂ ಹೇಳಬೇಕಾಗಲಿಲ್ಲ. ಅತ್ತೆ ಗೋಳೋ ಎಂದು ಅತ್ತರು. ಇವರು ಬ್ಯಾಗು ಇಳಿಸಿ, ನಾನು ಕೊಟ್ಟ ನೀರು ಕುಡಿದು, “ಎಲ್ಲಿ ಮಡ್ಗಿದ್ದೀರಿ?” ಎಂದು ಕೇಳಿದರು. ಮಗಳು ಬಂದು ಅವರ ಬೆರಳು ಹಿಡಿದು, “ಬಾ ತೋರ್ಸ್ತೀನಿ” ಎಂದು ತೋಟಕ್ಕೆ ಕರೆದುಕೊಂಡು ಹೋದಳು.

ಆ ರಜೆಯಲ್ಲಿ ಇವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೊಪ್ಪು ತಂದರು, ಹುಳುಮನೆಯ ಮುರಿದ ತಟ್ಟೆಗಳನ್ನು ಕಟ್ಟಿದರು, ಅಮ್ಮನನ್ನು ಕಬ್ಬಾಳಿಗೆ ಕರೆದುಕೊಂಡು ಹೋಗಿಬಂದರು. ಒಂದು ವಾರವಾದ ಮೇಲೆ ಒಂದು ಮಧ್ಯಾಹ್ನ, ನಾನು ಹುಳುವಿಗೆ ಸೊಪ್ಪು ಹರಡುತ್ತಿದ್ದಾಗ ಬಾಗಿಲಲ್ಲಿ ನಿಂತು ಕೇಳಿದರು.

“ಅವತ್ತು ಹೂಂ ಅಂದಿದ್ಯಾರು?”

ನಾನು ತಟ್ಟೆಯ ಮೂಲೆಗೆ ಇನ್ನೊಂದು ಹಿಡಿ ಸೊಪ್ಪು ಹರಡಿದೆ.

“ಚಿಕ್ಕಪ್ಪನಾ?”

“ಹೌದು.”

“ಯಾರು ಹೇಳ್ಕೊಟ್ಟಿದ್ದು? ಅವ್ವನಾ?”

ಅತ್ತೆ ಎನ್ನಬಹುದಿತ್ತು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. “ನಾನು” ಎಂದೆ.

ಇವರು ಹೊಸಲಿನ ಮೇಲೆ ಕೂತು, “ಆರು ಜನ ಇದ್ವಿ ಒಂದು ಟೆಂಟಲ್ಲಿ. ನಮ್ಮಪ್ಪ ಮಾತಾಡ್ದ ಕಣ್ರೋ ಅಂತ ಎಲ್ಲರಿಗೂ ಹೇಳ್ದೆ. ಹಾಲಿನ್ ಪುಡೀಲಿ ಏನೋ ಸೀ ಮಾಡುದ್ರು ಅವತ್ತು. ಅಲ್ಲಿ ವಾರವೆಲ್ಲ ಯೋಚ್ನೆ ಮಾಡಕ್ಕೆ ಬೇರೇನಿರಲ್ಲ. ನೀನು ಆಡಿದ ಮೂರ್ ನಿಮಿಷದ್ ಮಾತ್ನೇ ತಿರುಗಾಮುರುಗಾ ಆಡ್ಕತಿದ್ದೆ” ಎಂದರು.

“ತಪ್ಪಾಯ್ತು” ಎಂದೆ.

“ತಪ್ಪು ಅಂತ ನಾನೆಲ್ಲಂದೆ? ಹೇಳಿದ್ರೆ ಏನ್ ಮಾಡ್ಕಂಡ್ಬುಡ್ತಿದ್ನೋ ನಂಗೂ ಗೊತ್ತಿಲ್ಲ” ಎಂದು ಹೊರಗೆ ಹೋದರು. ಆಗ ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಆದ ಮಾತು ಅಷ್ಟೇ.

ಆಮೇಲೆ ಇವರು ಇನ್ನೂ ಐದು ವರ್ಷ ಸೈನ್ಯದಲ್ಲಿದ್ದರು. ಬೇರೆ ಜಾಗಗಳಿಗೆ ಹಾಕಿದರು, ವಿಡಿಯೋ ಕಾಲ್ ಬಂತು. ಅದರ ಜೊತೆ ‘ತೋರ್ಸು’ ಎಂಬ ಮಾತೂ ಬಂತು. “ಅವ್ವ ಹೆಂಗವ್ಳೆ?” “ಚೆನ್ನಾಗವ್ರೆ.” “ತೋರ್ಸು.” ಅತ್ತೆ ಸ್ನಾನಕ್ಕೆ ಹೋಗಿದ್ದರೆ, ಅವರು ಬರುವವರೆಗೂ ಫೋನು ಇಡುವಂತಿಲ್ಲ. ಮಗಳು ಸ್ಕೂಲಿನಿಂದ ಬರುವುದು ತಡವಾದರೆ ಟೀಚರಿಗೇ ಫೋನು ಹೋಗುತ್ತಿತ್ತು. ನಾನು ಡಾಕ್ಟರ ಚೀಟಿ, ಮಾತ್ರೆ, ಥರ್ಮಾಮೀಟರು ಎಲ್ಲದರ ಫೋಟೋ ತೆಗೆದು ಮೊದಲೇ ಕಳಿಸಿಬಿಡುತ್ತಿದ್ದೆ. ಒಂದು ಸಲ ಅತ್ತೆಗೆ ಬರೀ ಜ್ವರ ಬಂದಿತ್ತು. ಬರೀ ಜ್ವರ ಎಂದು ನಾನು ಹೇಳಿದ್ದೇ ತಪ್ಪಾಯಿತು. ಅಸ್ಸಾಮಿನಿಂದ ನಾಲ್ಕು ದಿನ ಪ್ರಯಾಣ ಮಾಡಿ ಬಂದು ಬಾಗಿಲಲ್ಲಿ ನಿಂತರು. ಅತ್ತೆ ಜ್ವರ ಬಿಟ್ಟು ಎದ್ದು ಅಂಗಳ ಗುಡಿಸುತ್ತಿದ್ದರು. “ಸತ್ತಿಲ್ಲ ಕನ್ಲಾ, ಸರ್ಯಾಗ್ ನೋಡ್ಕ” ಎಂದು ಪೊರಕೆ ಎಸೆದು ಒಳಗೆ ಹೋದರು. ಇವರು ಎರಡು ದಿನ ಇದ್ದು ವಾಪಸ್ ಹೋದರು. ಆ ವರ್ಷ ನಾದಿನಿಯ ಮಗಳ ಮದುವೆಗೆ ರಜೆ ಉಳಿದಿರಲಿಲ್ಲ.

ಅವರಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ರಜೆಗೆ ಬಂದರೆ ನನಗೆ ಬಿಂದಿಗೆ ಎತ್ತಲೂ ಬಿಡುತ್ತಿರಲಿಲ್ಲ. ಆದರೆ ನನ್ನ ಮಾತೊಂದನ್ನೇ ನಂಬಿ ಸುಮ್ಮನಿರಲು ಅವರಿಂದ ಆಗುತ್ತಿರಲಿಲ್ಲ. ನಾನೂ ಅದನ್ನು ಬೇಡಿಕೊಳ್ಳಲಿಲ್ಲ. ಯಾವ ಮುಖ ಇಟ್ಟುಕೊಂಡು ಬೇಡಲಿ?

ಪೆನ್ಷನ್ ಆಗಿ ಬಂದ ಮೇಲೆ ಬಿಡದಿಯ ಒಂದು ಕಾರ್ಖಾನೆಯಲ್ಲಿ ಗೇಟಿನ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರು. ಬೆಳಿಗ್ಗೆ ಬೈಕಿನಲ್ಲಿ ಚನ್ನಪಟ್ಟಣ ಸ್ಟೇಷನ್ನಿಗೆ ಹೋಗಿ ರೈಲು ಹಿಡಿಯುತ್ತಾರೆ. ದಿನಾ ಮನೆಗೆ ಬರುವವರಿಗೆ ಇನ್ನು ಫೋನಿನ ಹಂಗು ಇರುವುದಿಲ್ಲ ಎಂದುಕೊಂಡಿದ್ದೆ. ಒಂದು ಗಂಟೆಗೆ ಊಟದ ಬಿಡುವಿನಲ್ಲಿ ವಿಡಿಯೋ ಕಾಲ್ ಬರುವುದು ನಿಲ್ಲಲಿಲ್ಲ. ಅತ್ತೆಯೇ ಒಮ್ಮೆ ರೇಗಿದರು. “ಸುಳ್ ಹೇಳ್ಸಿದ್ದು ನಾನು ಕನ್ಲಾ. ಅವ್ಳನ್ನ ಯಾಕ್ ಕೋರ್ಟಲ್ಲಿ ನಿಲ್ಸಿದಂಗೆ ದಿನಾ ನಿಲ್ಲುಸ್ತೀಯ?” ಇವರು ತಟ್ಟೆಯಿಂದ ತಲೆ ಎತ್ತದೆ, “ನಾನೇನೂ ಅಂದಿಲ್ವಲ್ಲವ್ವ” ಎಂದರು.

ಹೋದ ವರ್ಷ ಅತ್ತೆ ತೀರಿಕೊಂಡರು. ಇವರು ಎಂಟು ದಿನ ಕೆಲಸಕ್ಕೆ ಹೋಗದೆ ಹಾಸಿಗೆಯ ಪಕ್ಕ ಕೂತಿದ್ದರು, ಕೊನೆಯ ನೀರು ಬಿಟ್ಟವರೂ ಇವರೇ. ತಿಥಿ ಮುಗಿಸಿ ಕೆಲಸಕ್ಕೆ ಹೋದ ದಿನ ಒಂದು ಗಂಟೆಗೆ ಮತ್ತೆ ಫೋನು ಬಂತು. “ನಿನ್ ಮುಖ ತೋರ್ಸು” ಎಂದರು. ತೋರಿಸಿದೆ.

ನಾಲ್ಕು ತಿಂಗಳ ಹಿಂದೆ ನಮ್ಮ ಬೀದಿಯ ಸೊಸೆಯೊಬ್ಬಳು ನನ್ನ ಹತ್ತಿರ ಬಂದಳು. ಎರಡು ವರ್ಷದ ಹಿಂದೆ ಮದುವೆಯಾಗಿ ಬಂದವಳು. ಗಂಡ ಸೈನ್ಯದಲ್ಲಿ, ಈಶಾನ್ಯದ ಗಡಿಯಲ್ಲಿದ್ದಾನೆ. ಮೂರು ತಿಂಗಳಿಗೇ ಅವಳ ಬಸಿರು ಹೋಗಿ ಎರಡು ತಿಂಗಳಾಗಿತ್ತು. ಗಂಡನಿಗೆ ಹೇಳಬೇಡ, ರಜೆಗೆ ಬಂದಾಗ ನೋಡೋಣ ಎಂದು ಮನೆಯಲ್ಲಿ ಹೇಳಿದ್ದರಂತೆ. ಅವನು ದಿನಾ ಫೋನು ಮಾಡಿ, “ಉಂಡ್ಯಾ, ಪಾಪು ಒದಿತೈತಾ” ಎಂದು ಕೇಳುತ್ತಾನಂತೆ.

“ಏನ್ ಮಾಡ್ಲಿ ಅಕ್ಕ? ನೀವು ಇದನ್ನೆಲ್ಲಾ ಕಂಡವ್ರು.”

ಯಾವುದು ಸರಿ ಎಂದು ನನಗೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಅವಳು ನನ್ನಂತೆ ಶನಿವಾರಗಳನ್ನು ಕಳೆಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. “ಹೇಳ್ಬುಡು. ನಾನು ಪಕ್ಕದಲ್ಲೇ ಕೂತಿರ್ತೀನಿ” ಎಂದೆ. ಸಂಜೆ ನಮ್ಮ ಮನೆಯಲ್ಲೇ ಕೂತು ಫೋನು ಮಾಡಿದಳು. ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು. ಆ ಕಡೆಯಿಂದ ಗಂಡಸೊಬ್ಬ ಅಳುವ ಸದ್ದು ನನಗೂ ಕೇಳಿತು. ಆಮೇಲೆ ಲೈನು ಹೋಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ಅವಳು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಎಲ್ಲ ನಾನೇ ಮಾಡಿದ ಹಾಗೆ. ಎದ್ದು ಹೋದಳು.

ಇವರು ಕೆಲಸದಿಂದ ಬಂದ ಮೇಲೆ ಮುದ್ದೆ ಬಡಿಸುತ್ತ ಎಲ್ಲ ಹೇಳಿದೆ. ಒಳ್ಳೆಯ ಕೆಲಸ ಮಾಡಿದೆ ಎನ್ನುತ್ತಾರೇನೋ ಎಂಬ ಆಸೆ ನನಗಿತ್ತು. ಅವರು ಅದನ್ನೂ ಹೇಳಲಿಲ್ಲ, ತಪ್ಪು ಮಾಡಿದೆ ಎಂದೂ ಹೇಳಲಿಲ್ಲ.

“ಫೋನ್ ಇಟ್ಟ್ ಮೇಲೆ ಆ ಹುಡ್ಗನ್ ಜೊತೇಲಿ ಯಾರಿದ್ರು?” ಎಂದು ಕೇಳಿದರು.

“ಗೊತ್ತಿಲ್ಲ.”

“ಕೇಳ್ಬೇಕಾಗಿತ್ತು.”

ಆಮೇಲೆ ತಾವಾಗಿಯೇ ಆ ಬುಧವಾರದ ಮಾತು ತೆಗೆದರು. ಹದಿಮೂರು ವರ್ಷದಲ್ಲಿ ಮೊದಲ ಸಲ. ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದರಂತೆ. ಯೂನಿಫಾರಂ ನೋಡಿ ಯಾರೋ ಒಬ್ಬರು ಸೆಲ್ಯೂಟ್ ಹೊಡೆದು, ಮೇಲೆ ಚಳಿ ಜಾಸ್ತಿಯಾ ಸಾರ್ ಎಂದು ಮಾತಾಡಿಸಿದರಂತೆ. ಇವರು ನಗುನಗುತ್ತಲೇ ಉತ್ತರ ಕೊಟ್ಟರಂತೆ. ಕೊನೆಗೆ ಕ್ಷೌರದ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತು, ತಲೆ ಬೋಳಿಸಿ ಎಂದಾಗ ಅಂಗಡಿಯವರು, “ಯಾರ್ ಹೋದ್ರಣ್ಣ?” ಎಂದು ಕೇಳಿದರಂತೆ. “ಅವರಿಗೇ ಮೊದ್ಲು ಹೇಳಿದ್ದು, ನಮ್ಮಪ್ಪ ಹೋದ್ರು ಅಂತ. ಕತ್ತರಿ ಕೆಳಗಿಟ್ಟು, ಒಸಿ ಹೊತ್ತು ನನ್ ಹೆಗಲ್ ಮೇಲೆ ಕೈ ಮಡಿಕ್ಕಂಡ್ ನಿಂತಿದ್ರು” ಎಂದರು. ನಾನು ಸೌಟು ಹಿಡಿದುಕೊಂಡೇ ಕೇಳಿದೆ. ಸಾರು ತಣ್ಣಗಾಗಿತ್ತು. ಮತ್ತೆ ಬಿಸಿ ಮಾಡಿ ತಂದು ಹಾಕಿದೆ.

ಮರುದಿನ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಆ ಹುಡುಗಿ ಸಾಲಿನಲ್ಲಿ ನಿಂತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ಆದರೂ ಹತ್ತಿರ ಹೋಗಿ ಕೇಳಿದೆ, ಅವನ ಜೊತೆಯಲ್ಲಿ ಯಾರಿದ್ದಾರೆ ಎಂದು.

“ಹಾಸನದ ಕಡೆಯವ್ರು ಒಬ್ರವ್ರಂತೆ” ಎಂದಳು. “ರಾತ್ರಿಯೆಲ್ಲಾ ಇವ್ರನ್ನ ಒಬ್ರನ್ನೇ ಬುಟ್ಟು ರೂಮಿಂದ ಆಚೆಗೇ ಹೋಗ್ನಿಲ್ವಂತೆ. ಬಲವಂತ ಮಾಡಿ ಎರಡು ಚಪಾತಿ ತಿನ್ಸುದ್ರಂತೆ.”

ಅವಳ ಸರದಿ ಬಂತು. ಕ್ಯಾನು ಎತ್ತಿಕೊಡಲು ಹೋದೆ. ಬೇಡ ಎನ್ನಲಿಲ್ಲ.